ಒಂದುಗಳ ಮಾಲೆ ಕಟ್ಟಿದ ಮಹಾವೀರಾಚಾರ್ಯ

ಬಳ್ಳಾರಿ ರಸ್ತೆಯಿಂದ ಪೂರ್ವಕ್ಕೆ ತಿರುಗಿದರೆ ಸಿಗುವ ನಮ್ಮ ಕೋಗಿಲಿನಲ್ಲಿ ಈಗ ಎಲ್ಲರ ಬಾಯಲ್ಲೂ ಸಂಖ್ಯೆಗಳೇ. ಚದರಡಿಗೆ ಎಷ್ಟು, ಗುಂಟೆಗೆ ಎಷ್ಟು, ಎಕರೆಗೆ ಎಷ್ಟು ಎಂಬ ಮಾತು ಕೇಳದೆ ಬೆಳಗಿನ ವಾಯುವಿಹಾರ ಮುಗಿಯುವುದಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆಯಲ್ಲಿ ಕಂದಾಯ, ಆಯವ್ಯಯ, ಅಂಕಿಅಂಶಗಳ ನಡುವೆಯೇ ಬದುಕಿದ ನನಗೆ ಇದೇನೂ ಹೊಸದಲ್ಲ. ಆದರೆ ನಿವೃತ್ತಿಯ ನಂತರವೇ ನನಗೆ ಅರಿವಾದ ಒಂದು ಸಂಗತಿಯಿದೆ. ಅಷ್ಟು ವರ್ಷ ಸಂಖ್ಯೆಗಳನ್ನು ಕೂಡಿದೆ, ಕಳೆದೆ, ಶೇಕಡಾವಾರು ಲೆಕ್ಕ ಹಾಕಿದೆ. ಒಂದು ಸಂಖ್ಯೆ ಯಾವುದರಿಂದ ಆಗಿದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆ ಪ್ರಶ್ನೆಯನ್ನು ನನ್ನ ಮುಂದೆ ತಂದದ್ದು ಹಳೆಯದೊಂದು ಕ್ಯಾಲ್ಕುಲೇಟರ್. ಎಂಟು ಅಂಕಿಗಳನ್ನಷ್ಟೇ ತೋರಿಸಬಲ್ಲ ಆ ಯಂತ್ರದಲ್ಲಿ 152207 ಒತ್ತಿ 73ರಿಂದ ಗುಣಿಸು ಎಂದು ಆರನೇ ತರಗತಿಯ ಮೊಮ್ಮಗನಿಗೆ ಹೇಳಿದೆ. ಗಾಜಿನ ತುಂಬ ಸಾಲಾಗಿ ಎಂಟು ಒಂದುಗಳು ಮೂಡಿದವು: 11111111. ಯಂತ್ರ ಕೆಟ್ಟಿದೆಯೆಂದು ಭಾವಿಸಿ ಹುಡುಗ ಮತ್ತೊಮ್ಮೆ ಒತ್ತಿದ. ಮತ್ತೆ ಅದೇ ಉತ್ತರ. ಈ ಲೆಕ್ಕ ಯಂತ್ರಗಳ ಕಾಲದ್ದಲ್ಲ. ಸುಮಾರು 1170 ವರ್ಷಗಳ ಹಿಂದೆ, ಕನ್ನಡ ನಾಡಿನ ಅರಸನೊಬ್ಬನ ಕಾಲದಲ್ಲಿ, ಓಲೆಗರಿಯ ಮೇಲೆ ದಾಖಲಾದ ಲೆಕ್ಕ. ಅದನ್ನು ಕೊಟ್ಟವನು ಮಹಾವೀರಾಚಾರ್ಯ.

ಒಂಬತ್ತನೆಯ ಶತಮಾನದ ಮಧ್ಯಭಾಗದ ರಾಷ್ಟ್ರಕೂಟ ಸಾಮ್ರಾಜ್ಯವನ್ನು ನಾವು ಬಲ್ಲೆವು. ಅಮೋಘವರ್ಷ ನೃಪತುಂಗ 814ರ ಸುಮಾರಿಗೆ ಬಾಲಕನಾಗಿ ಪಟ್ಟವೇರಿ ಅರವತ್ತು ವರ್ಷಗಳಿಗೂ ಮೀರಿ ಆಳಿದ. ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ಅವನ ರಾಜಧಾನಿ ಮಾನ್ಯಖೇಟ. 851ರ ಹೊತ್ತಿನ ಅರಬ್ಬೀ ವರ್ತಕ ಸುಲೈಮಾನನ ವೃತ್ತಾಂತವು ರಾಷ್ಟ್ರಕೂಟ ದೊರೆಯನ್ನು ಜಗತ್ತಿನ ನಾಲ್ವರು ದೊಡ್ಡ ಅರಸರ ಸಾಲಿನಲ್ಲಿ, ಬಾಗ್ದಾದಿನ ಖಲೀಫ ಮತ್ತು ಚೀನದ ಚಕ್ರವರ್ತಿಯ ಜೊತೆಯಲ್ಲಿ, ಎಣಿಸುತ್ತದೆ. ಅದೇ ಆಸ್ಥಾನದಲ್ಲಿ ಶ್ರೀವಿಜಯನ ‘ಕವಿರಾಜಮಾರ್ಗ’ ಹುಟ್ಟಿತು. ಅದೇ ಅರಸನ ಗುರುವೆನಿಸಿದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಆದಿಪುರಾಣ ರಚಿಸಿದರು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಇವೆಲ್ಲ ಕಂಠಪಾಠ. ಅದೇ ಕಾಲದ ಗಣಿತ ಗ್ರಂಥ ಮಾತ್ರ ನಮ್ಮ ನೆನಪಿನ ಅಂಚಿನಲ್ಲಿ ಉಳಿದುಬಿಟ್ಟಿತು.

ಮಹಾವೀರಾಚಾರ್ಯನ ತಂದೆತಾಯಿ, ಹುಟ್ಟೂರು, ಜನನ ಮರಣಗಳ ವಿವರವನ್ನು ಚರಿತ್ರೆ ಉಳಿಸಿಲ್ಲ. ಅವನ ಬದುಕೆಂದರೆ ಅವನ ಪುಸ್ತಕವೇ. ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಅವನು ಸಂಖ್ಯಾಜ್ಞಾನದ ದೀಪವನ್ನು ಬೆಳಗಿದವನೆಂದು ವರ್ಧಮಾನ ಜಿನನಿಗೆ ನಮಿಸುತ್ತಾನೆ, ಅಮೋಘವರ್ಷನ ಆಳ್ವಿಕೆ ಪ್ರಜೆಗಳಿಗೆ ನೆಮ್ಮದಿ ತಂದಿತೆಂದು ಹೊಗಳುತ್ತಾನೆ. ಅವನು ದಿಗಂಬರ ಜೈನ ಪರಂಪರೆಯವನು, ಈ ಅರಸನ ಕಾಲದವನು, ಸುಮಾರು 850ರಲ್ಲಿ ಬರೆದವನು ಎಂಬುದು ಅಲ್ಲಿಂದಲೇ ತಿಳಿಯುತ್ತದೆ. ಮುಂದಿನ ಪದ್ಯಗಳಲ್ಲಿ ಗಣಿತದ ವ್ಯಾಪ್ತಿಯನ್ನು ಹೇಳುತ್ತ ಅಡುಗೆ, ವೈದ್ಯ, ವಾಸ್ತು, ಸಂಗೀತ, ನಾಟಕ, ಛಂದಸ್ಸು, ತರ್ಕ, ವ್ಯಾಕರಣ, ಅರ್ಥಶಾಸ್ತ್ರ, ಕೊನೆಗೆ ಕಾಮಶಾಸ್ತ್ರವನ್ನೂ ಸೇರಿಸಿ, ಇವೆಲ್ಲಕ್ಕೂ ಗಣಿತವೇ ಆಧಾರವೆಂದು ಸಾರುತ್ತಾನೆ. ಪೂರ್ವಸೂರಿಗಳ ಗಣಿತವೆಂಬ ಸಾಗರದಿಂದ ತಾನು ಆರಿಸಿ ತೆಗೆದದ್ದು ಸ್ವಲ್ಪವೇ ಎಂಬ ವಿನಯವೂ ಅಲ್ಲಿದೆ.

ಇದೊಂದು ಮುಖ್ಯ ಬದಲಾವಣೆ. ಅವನಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತವು ಜ್ಯೋತಿಷಶಾಸ್ತ್ರದ ಒಂದು ಅಧ್ಯಾಯವಾಗಿ, ಗ್ರಹಗತಿಯ ಲೆಕ್ಕಕ್ಕೆ ಸಹಾಯಕವಾಗಿ ಬಂದಿತ್ತು. ಮಹಾವೀರನ ಗ್ರಂಥದಲ್ಲಿ ಗ್ರಹಗಳಿಲ್ಲ. ಸಾವಿರದ ನೂರಕ್ಕೂ ಹೆಚ್ಚು ಸಂಸ್ಕೃತ ಪದ್ಯಗಳ ಈ ಕೃತಿ ಮೊದಲಿನಿಂದ ಕೊನೆಯವರೆಗೆ ಗಣಿತವೇ. ಸಂಜ್ಞೆ, ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯಾ ಎಂಬ ಒಂಬತ್ತು ಭಾಗಗಳಲ್ಲಿ ಗುಣಾಕಾರ ಭಾಗಾಕಾರಗಳಿಂದ ಮೊದಲುಗೊಂಡು ಬಡ್ಡಿ, ಪಾಲುದಾರಿಕೆ, ಹೊಲದ ವಿಸ್ತೀರ್ಣ, ತೋಡಿದ ಗುಂಡಿಯ ಘನಫಲ, ನೆರಳಿನ ಅಳತೆಯವರೆಗೆ ಕ್ರಮವಾಗಿ ಸಾಗುತ್ತದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಪೂರ್ಣ ಪ್ರಮಾಣದ ಪಠ್ಯಪುಸ್ತಕ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಮೂವರು ವರ್ತಕರ ಲೆಕ್ಕ. ದಾರಿಯಲ್ಲಿ ಅವರಿಗೆ ಒಂದು ಹಣದ ಚೀಲ ಸಿಕ್ಕಿತು. ಚೀಲ ನನಗಾದರೆ ನನ್ನ ಹಣ ನಿಮ್ಮಿಬ್ಬರ ಹಣದ ಎರಡರಷ್ಟಾಗುತ್ತದೆ ಎಂದ ಮೊದಲನೆಯವನು. ನನಗಾದರೆ ಮೂರರಷ್ಟು ಎಂದ ಎರಡನೆಯವನು. ಐದರಷ್ಟು ಎಂದ ಮೂರನೆಯವನು. ಹಾಗಾದರೆ ಚೀಲದಲ್ಲಿದ್ದದ್ದೆಷ್ಟು, ಅವರವರ ಕೈಯಲ್ಲಿದ್ದದ್ದೆಷ್ಟು? ವರ್ತಕರ ಬಳಿ ಕ್ರಮವಾಗಿ 1, 3, 5, ಚೀಲದಲ್ಲಿ 15. ಓದುಗರು ತಾಳೆ ನೋಡಬಹುದು. ಪಂಚವಾರ್ಷಿಕ ಯೋಜನೆಗಳ ಕೋಷ್ಟಕಗಳಿಗಿಂತ ಹೆಚ್ಚಿನ ಅರ್ಥಶಾಸ್ತ್ರ ಈ ಪುಟ್ಟ ಲೆಕ್ಕದಲ್ಲಿದೆ ಎಂದು ನನಗೆ ಅನ್ನಿಸಿದ್ದುಂಟು. ಸಿಕ್ಕ ಚೀಲ ಒಂದೇ. ಪ್ರತಿಯೊಬ್ಬನೂ ನೋಡುವುದು ತಾನು ಮಿಕ್ಕವರಿಗಿಂತ ಎಷ್ಟು ಪಟ್ಟು ಮೇಲೇರುತ್ತೇನೆ ಎಂಬುದನ್ನು.

ಇಂತಹ ಲೆಕ್ಕಗಳ ನಡುವೆ ಗಂಭೀರ ಗಣಿತವೂ ಇದೆ. ಷಡ್ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಮೂರು ಮೂರಾಗಿ ಬೆರೆಸಿದರೆ ಎಷ್ಟು ಬಗೆಯ ರುಚಿಗಳಾಗುತ್ತವೆ ಎಂದು ಕೇಳಿ, ಎಷ್ಟು ವಸ್ತುಗಳಿದ್ದರೂ ಅನ್ವಯವಾಗುವ ಸಾಮಾನ್ಯ ಸೂತ್ರವನ್ನು ಅವನು ಕೊಟ್ಟಿದ್ದಾನೆ. ಆರು ರಸಗಳಿಗೆ ಒಟ್ಟು 63 ಬಗೆ. ಇಂದು ಪದವಿಪೂರ್ವ ತರಗತಿಯಲ್ಲಿ ಕಲಿಸುವ ವಿಕಲ್ಪಗಳ ಸೂತ್ರ ಇದೇ. ಭಿನ್ನರಾಶಿಗಳನ್ನು ಕೂಡಲು ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ವಿಧಾನ ಭಾರತದಲ್ಲಿ ಮೊದಲು ಸ್ಪಷ್ಟವಾಗಿ ಕಾಣುವುದು ಇವನಲ್ಲಿ. ಅದಕ್ಕೆ ಅವನಿಟ್ಟ ಹೆಸರು ನಿರುದ್ಧ. ಋಣಸಂಖ್ಯೆಯ ವರ್ಗವೂ ಧನವೇ ಆಗುವುದರಿಂದ ಯಾವ ಋಣಸಂಖ್ಯೆಯೂ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಹೇಳುವಷ್ಟು ಎಚ್ಚರವೂ ಅವನಿಗಿತ್ತು. ತಪ್ಪುಗಳೂ ಇವೆ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆಂದು ಅವನು ತಿಳಿದಿದ್ದ. ದೊಡ್ಡವರ ತಪ್ಪುಗಳನ್ನು ಮುಚ್ಚಿಟ್ಟು ಹೊಗಳುವುದು ಅವರಿಗೆ ಮಾಡುವ ಗೌರವವಲ್ಲ.

ನಾನು ಹೇಳಹೊರಟಿರುವ ವಿಷಯಕ್ಕೆ ಬೇಕಾದದ್ದು ಅವನ ಎರಡು ಕೊಡುಗೆಗಳು. ಮೊದಲನೆಯದು ದೊಡ್ಡ ಸಂಖ್ಯೆಗಳ ಹೆಸರು. ಜೈನ ವಿದ್ವಾಂಸರಿಗೆ ಲೋಕ, ಕಾಲ, ಜೀವರಾಶಿಗಳ ಗಣನೆಗಾಗಿ ಅತಿ ದೊಡ್ಡ ಸಂಖ್ಯೆಗಳು ಬೇಕಾಗಿದ್ದವು. ಮಹಾವೀರ ಏಕ, ದಶ, ಶತ, ಸಹಸ್ರಗಳಿಂದ ಹೊರಟು ಲಕ್ಷ, ಕೋಟಿಗಳನ್ನು ದಾಟಿ ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ ಎಂದು ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸುತ್ತಾನೆ. ಇದರಲ್ಲಿ ಶಂಖ ಹತ್ತೊಂಬತ್ತನೆಯ ಸ್ಥಾನ, ಕ್ಷೋಭ ಇಪ್ಪತ್ತಮೂರನೆಯದು. ಈ ಎರಡು ಸ್ಥಾನಗಳನ್ನು ಓದುಗರು ನೆನಪಿನಲ್ಲಿಡಬೇಕಾಗಿ ಕೋರುತ್ತೇನೆ.

ಎರಡನೆಯದು ಅವನ ಮಾಲೆಗಳು. ಗುಣಾಕಾರ ಕಲಿಸುವಾಗ ಅವನು ಒಣ ಲೆಕ್ಕಗಳನ್ನು ಕೊಡುವುದಿಲ್ಲ. ಉತ್ತರವು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವಂತೆ ಗುಣ್ಯ ಗುಣಕಗಳನ್ನು ಆರಿಸುತ್ತಾನೆ. ಅಂತಹ ಉತ್ತರಗಳನ್ನು ಕೊರಳಿನ ಹಾರಕ್ಕೆ ಹೋಲಿಸುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 142857143ನ್ನು 7ರಿಂದ ಗುಣಿಸಿದರೆ ಎರಡು ತುದಿಗಳಲ್ಲಿ ಒಂದು, ನಡುವೆ ಎಂಟು ಸೊನ್ನೆ: 1000000001. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 333333666667ನ್ನು 33ರಿಂದ ಗುಣಿಸಿದರೆ 11000011000011. ಈ 33 ಕಂಡಾಗ ನನಗೆ ನಗು ಬಂತು. ಕಂದಾಯ ಇಲಾಖೆಯ ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, 1089 ಚದರಡಿ. ಆ ಸಂಖ್ಯೆಯನ್ನು ಎಷ್ಟು ಸಾವಿರ ಕಡತಗಳಲ್ಲಿ ಬರೆದಿದ್ದೆನೋ! ಅದು ಮಾಲೆಯ ಒಂದು ಮಣಿಯಾಗಬಲ್ಲದೆಂದು ಹೊಳೆದಿರಲಿಲ್ಲ.

ಇವು ಆಕಸ್ಮಿಕವಾಗಿ ಸಿಕ್ಕ ಸಂಖ್ಯೆಗಳಲ್ಲ. ಅವನ ಇನ್ನೊಂದು ಮಾಲೆಯನ್ನು ಬಿಚ್ಚಿ ನೋಡೋಣ. 27994681ನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಹಾರ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಹಾಗಾಗಿ ಈ ಹಾರ ಆರು ಒಂದುಗಳ ವರ್ಗ. 111111 ಎಂಬ ಸಂಖ್ಯೆಯಾದರೋ 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. 3 ಮತ್ತು 7 ಒಂದು ಕಡೆ ಸೇರಿ 21 ಆಯಿತು. 11, 13, 37 ಇನ್ನೊಂದು ಕಡೆ ಸೇರಿ 5291 ಆಯಿತು. ಹಾಗೆಯೇ ಮೊಮ್ಮಗ ಕಂಡ ಎಂಟು ಒಂದುಗಳ ಸಂಖ್ಯೆ 11, 73, 101, 137ರ ಗುಣಲಬ್ಧ. ಅದರಿಂದ 73ನ್ನು ಬೇರೆಯಾಗಿಟ್ಟು ಮಿಕ್ಕ ಮೂರನ್ನು ಗುಣಿಸಿದರೆ ಸಿಗುವುದೇ 152207. ಮಹಾವೀರ ತನ್ನ ದಾರಿಯನ್ನು ವಿವರಿಸಿಲ್ಲ. ಆದರೆ ದೊಡ್ಡ ಸಂಖ್ಯೆಗಳನ್ನು ಒಡೆದು ಅವುಗಳ ಒಳಗನ್ನು ನೋಡದೆ ಇಂತಹ ಲೆಕ್ಕಗಳನ್ನು ಕಟ್ಟುವುದು ಸುಲಭವಲ್ಲ.

ಇಲ್ಲಿ ಅವಿಭಾಜ್ಯ ಎಂಬ ಪದವನ್ನು ವಿವರಿಸಬೇಕು. ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವ ಪೂರ್ಣಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, ಒಂದಕ್ಕಿಂತ ದೊಡ್ಡ ಸಂಖ್ಯೆ ಅವಿಭಾಜ್ಯ. 2, 3, 5, 7, 11, 13 ಹೀಗೆ. ಉಳಿದೆಲ್ಲ ಸಂಖ್ಯೆಗಳೂ ಇವುಗಳ ಗುಣಾಕಾರದಿಂದಲೇ ಆದವು. ಗ್ರೀಕರ ಯೂಕ್ಲಿಡ್ ಕ್ರಿಸ್ತಪೂರ್ವ 300ರ ಸುಮಾರಿಗೇ ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಸಾಧಿಸಿದ್ದ. ಮಹಾವೀರನಲ್ಲಿ ಅಂತಹ ಸಿದ್ಧಾಂತವಿಲ್ಲ. ಅವನು ಅವಿಭಾಜ್ಯಗಳನ್ನು ಪ್ರತ್ಯೇಕ ವಿಷಯವಾಗಿ ಚರ್ಚಿಸುವುದೂ ಇಲ್ಲ. ಎಲ್ಲವೂ ನಮ್ಮಲ್ಲೇ ಮೊದಲಿತ್ತು ಎಂಬ ಅಗ್ಗದ ಹೆಮ್ಮೆಗೆ ಇಲ್ಲಿ ಎಡೆಯಿಲ್ಲ. ಅವನಲ್ಲಿದ್ದದ್ದು ಮಾಲೆ. ಆ ಮಾಲೆಯೇ ಒಂದು ಪ್ರಶ್ನೆಯನ್ನು ತನ್ನೊಳಗೆ ಇಟ್ಟುಕೊಂಡಿತ್ತು: ಬರಿಯ ಒಂದುಗಳಿಂದಾದ ಮಾಲೆಗಳೆಲ್ಲವೂ ಹೀಗೆ ಬಿಚ್ಚಿಕೊಳ್ಳುತ್ತವೆಯೇ?

ಒಂದುಗಳ ಎಣಿಕೆಯೇ ವಿಭಾಜ್ಯವಾಗಿದ್ದರೆ ಮಾಲೆ ಖಂಡಿತ ಬಿಚ್ಚಿಕೊಳ್ಳುತ್ತದೆ. ಎಂಟು ಒಂದುಗಳನ್ನು ನಾಲ್ಕು ನಾಲ್ಕರ ಎರಡು ಗುಂಪಾಗಿ ನೋಡಿದರೆ ಅದು 1111ನ್ನು 10001ರಿಂದ ಗುಣಿಸಿದ ಫಲವೆಂದು ಸ್ಪಷ್ಟವಾಗುತ್ತದೆ. ಆರು, ಒಂಬತ್ತು, ಹದಿನೈದು, ಎಲ್ಲಕ್ಕೂ ಇದೇ ನ್ಯಾಯ. ಆದ್ದರಿಂದ ಬಿಚ್ಚಲಾಗದ ಮಾಲೆ ಬೇಕಾದರೆ ಮಣಿಗಳ ಎಣಿಕೆ ಅವಿಭಾಜ್ಯವಾಗಿರಲೇಬೇಕು. ಅಷ್ಟಿದ್ದರೆ ಸಾಲದು. ಎರಡು ಒಂದುಗಳ 11 ಅವಿಭಾಜ್ಯ, ಸರಿ. ಆದರೆ 111 ಎಂದರೆ 3 ಮತ್ತು 37ರ ಗುಣಲಬ್ಧ. 11111 ಎಂದರೆ 41 ಮತ್ತು 271ರದು. ಏಳು ಒಂದುಗಳು 239 ಮತ್ತು 4649ಕ್ಕೆ ಒಡೆಯುತ್ತವೆ. ಹನ್ನೊಂದು ಒಂದುಗಳು 21649 ಮತ್ತು 513239ಕ್ಕೆ ಒಡೆಯುತ್ತವೆ. ಹದಿಮೂರೂ ಒಡೆಯುತ್ತದೆ. ಹದಿನೇಳು ಒಂದುಗಳು ಬಹಳ ಹೊತ್ತು ಬಿಗಿಹಿಡಿದು, ಕೊನೆಗೆ 2071723 ಮತ್ತು 5363222357 ಎಂದು ಬಿಚ್ಚಿಕೊಳ್ಳುತ್ತವೆ.

ಹತ್ತೊಂಬತ್ತು ಒಂದುಗಳ ಮಾಲೆ ಬಿಚ್ಚಿಕೊಳ್ಳುವುದಿಲ್ಲ. 1111111111111111111 ಅವಿಭಾಜ್ಯ ಸಂಖ್ಯೆ. ಮಹಾವೀರನ ಸ್ಥಾನನಾಮಗಳಲ್ಲಿ ಓದಿದರೆ ಒಂದು ಶಂಖ, ಒಂದು ಮಹಾಕ್ಷೋಣಿ, ಒಂದು ಕ್ಷೋಣಿ ಎಂದು ಆರಂಭವಾಗಿ ಏಕಸ್ಥಾನದ ಒಂದಕ್ಕೆ ಮುಗಿಯುವ ಸಂಖ್ಯೆ. ಇದು ನಿಜಕ್ಕೂ ಅವಿಭಾಜ್ಯವೆಂಬುದನ್ನು ಆಸ್ಕರ್ ಹೊಪ್ಪೆ ಎಂಬ ಗಣಿತಜ್ಞ ಸಾಧಿಸುವ ಹೊತ್ತಿಗೆ 1918 ಬಂದಿತ್ತು.

ಅದು ಅಷ್ಟು ಕಷ್ಟವೇಕೆ? ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯುವ ನೇರ ದಾರಿ ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸುತ್ತ ಹೋಗುವುದು. ಈ ಸಂಖ್ಯೆಯ ವರ್ಗಮೂಲ 105 ಕೋಟಿಗೂ ಹೆಚ್ಚು. 1640ರಲ್ಲಿ ಫ್ರಾನ್ಸಿನ ಫರ್ಮಾ ಕಂಡುಕೊಂಡ ನಿಯಮದಿಂದ ಸ್ವಲ್ಪ ಸಹಾಯವಾಗುತ್ತದೆ: ಈ ಮಾಲೆಗೆ ಅವಿಭಾಜ್ಯ ಭಾಜಕವೊಂದು ಇರುವುದಾದರೆ ಅದನ್ನು 38ರಿಂದ ಭಾಗಿಸಿದಾಗ ಶೇಷ ಒಂದೇ ಉಳಿಯಬೇಕು. ಏಳು ಒಂದುಗಳ ಮಾಲೆಯಲ್ಲಿ ಇದನ್ನು ಪರೀಕ್ಷಿಸಬಹುದು. ಅಲ್ಲಿ ಭಾಗಿಸಬೇಕಾದದ್ದು ಏಳರ ಎರಡರಷ್ಟಾದ 14ರಿಂದ. 239 ಮತ್ತು 4649 ಎರಡನ್ನೂ 14ರಿಂದ ಭಾಗಿಸಿದರೆ ಒಂದು ಶೇಷ ಉಳಿಯುತ್ತದೆ. ಹೀಗೆ ಸೋಸಿದ ಮೇಲೂ ನಮ್ಮ ಹತ್ತೊಂಬತ್ತರ ಮಾಲೆಗೆ ಎರಡು ಮುಕ್ಕಾಲು ಕೋಟಿಗೂ ಹೆಚ್ಚು ಉಮೇದುವಾರರು ಉಳಿಯುತ್ತಾರೆ. ನಿಮಿಷಕ್ಕೊಂದರಂತೆ ಹಗಲಿರುಳು ಭಾಗಿಸಿದರೂ ಐವತ್ತೆರಡು ವರ್ಷಗಳು ಬೇಕು. ಗಣಿತಜ್ಞರು ಈ ಒರಟು ದಾರಿಯನ್ನು ಬಿಟ್ಟು ಸೂಕ್ಷ್ಮವಾದ ಉಪಾಯಗಳನ್ನು ಹುಡುಕಬೇಕಾಯಿತು.

ಈ ಸಂಖ್ಯೆಗೆ ಇನ್ನೊಂದು ಗುಣವಿದೆ. ಒಂದನ್ನು 37ರಿಂದ ಭಾಗಿಸಿದರೆ ದಶಮಾಂಶದಲ್ಲಿ 027 ಎಂಬ ಮೂರು ಅಂಕಿಗಳು ಮರಳಿ ಮರಳಿ ಬರುತ್ತವೆ. 41ರಿಂದ ಭಾಗಿಸಿದರೆ ಐದು ಅಂಕಿಗಳ ಆವರ್ತನ. 271ರಿಂದ ಭಾಗಿಸಿದರೂ ಐದೇ. ಒಂದನ್ನು ಈ ಹತ್ತೊಂಬತ್ತು ಒಂದುಗಳ ಸಂಖ್ಯೆಯಿಂದ ಭಾಗಿಸಿದರೆ ಹದಿನೆಂಟು ಸೊನ್ನೆಗಳು, ಆಮೇಲೆ ಒಂದು ಒಂಬತ್ತು, ಮತ್ತೆ ಹದಿನೆಂಟು ಸೊನ್ನೆಗಳು, ಒಂಬತ್ತು. ಹೀಗೆ ಕೊನೆಯಿಲ್ಲದೆ ಸಾಗುತ್ತದೆ. ಹತ್ತೊಂಬತ್ತು ಅಂಕಿಗಳ ಆವರ್ತನವುಳ್ಳ ಅವಿಭಾಜ್ಯ ಸಂಖ್ಯೆ ಜಗತ್ತಿನಲ್ಲಿ ಇದೊಂದೇ. ಐದರ ಆವರ್ತನವನ್ನು 41 ಮತ್ತು 271 ಹಂಚಿಕೊಂಡಿವೆ, ಹತ್ತೊಂಬತ್ತಕ್ಕೆ ಜೊತೆಗಾರರಿಲ್ಲ.

ಇದರ ನಂತರದ ಬಿಚ್ಚಲಾಗದ ಮಾಲೆ ಇಪ್ಪತ್ತಮೂರು ಒಂದುಗಳದ್ದು. ಅದು ಖಚಿತವಾದದ್ದು 1929ರ ಹೊತ್ತಿಗೆ. ಅದರ ಮೊದಲ ಅಂಕಿ ನಿಲ್ಲುವುದು ಕ್ಷೋಭ ಸ್ಥಾನದಲ್ಲಿ. ಮೂರನೆಯದಕ್ಕೆ 317 ಒಂದುಗಳು ಬೇಕು, ನಾಲ್ಕನೆಯದಕ್ಕೆ 1031. ಇವು ಗಣಕಯಂತ್ರಗಳ ಕಾಲದ ಸಾಧನೆಗಳು. 49081 ಒಂದುಗಳ ಮಾಲೆ ಅವಿಭಾಜ್ಯವಿರಬಹುದೆಂದು 1999ರಲ್ಲಿ ಊಹಿಸಿದ್ದು 2022ರಲ್ಲಿ ಸಾಧಿತವಾಯಿತು. ಇಂತಹ ಮಾಲೆಗಳಿಗೆ ಕೊನೆಯಿದೆಯೇ ಎಂಬ ಪ್ರಶ್ನೆಗೆ ಇನ್ನೂ ಉತ್ತರ ದೊರೆತಿಲ್ಲ. ಮಹಾವೀರನ ಇಪ್ಪತ್ತನಾಲ್ಕು ಸ್ಥಾನಗಳ ಒಳಗೆ, 11ನ್ನು ಬಿಟ್ಟರೆ, ಇಂತಹ ಮಾಲೆಗಳು ಇರುವುದು ಸರಿಯಾಗಿ ಎರಡು. ಅವೆರಡನ್ನೂ ಉಚ್ಚರಿಸಲು ಬೇಕಾದ ಹೆಸರುಗಳು ಅವನಲ್ಲಿದ್ದವು. ಅವುಗಳ ಸ್ವಭಾವವನ್ನು ತಿಳಿಯುವ ಸಾಧನ ಮಾತ್ರ ಇರಲಿಲ್ಲ. ಹೆಸರಿಗೂ ಅರಿವಿಗೂ ನಡುವೆ ಸಾವಿರ ವರ್ಷಗಳ ಅಂತರವಿತ್ತು.

ಆ ಸಾವಿರ ವರ್ಷಗಳಲ್ಲಿ ಮಹಾವೀರನ ಪುಸ್ತಕ ಏನಾಯಿತು? ದಕ್ಷಿಣ ಭಾರತದಲ್ಲಿ ಅದು ಬಹುಕಾಲ ಜೀವಂತವಾಗಿತ್ತು. ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಮುಂತಾದ ಕೃತಿಗಳನ್ನು ರಚಿಸಿದ. ವಲ್ಲಭನೆಂಬ ಪಂಡಿತ ‘ಗಣಿತಸಾರಸಂಗ್ರಹ’ಕ್ಕೆ ಕನ್ನಡದಲ್ಲಿ ಟೀಕೆ ಬರೆದ. ಆಮೇಲೆ ಉತ್ತರದ ವಿದ್ವಾಂಸರಲ್ಲಿ ಭಾಸ್ಕರಾಚಾರ್ಯನ ‘ಲೀಲಾವತಿ’ಗೆ ಸಿಕ್ಕ ಪ್ರಚಾರ ಇದಕ್ಕೆ ಸಿಗಲಿಲ್ಲ. ಗ್ರಂಥವು ಬಸದಿ, ಮಠಗಳ ಓಲೆಗರಿ ಕಟ್ಟುಗಳಲ್ಲಿ ಉಳಿಯಿತು. ಗರಿ ಶಿಥಿಲವಾದಾಗಲೆಲ್ಲ ಯಾರೋ ಒಬ್ಬ ಲಿಪಿಕಾರ ಕೂತು ಹೊಸ ಗರಿಯ ಮೇಲೆ ಅಂಕಿ ತಪ್ಪದಂತೆ ನಕಲು ಮಾಡಿದ. ಅವರ ಹೆಸರುಗಳು ನಮಗೆ ಬೇಕಾಗಿಲ್ಲವೆಂಬಂತೆ ಕಾಲ ಅಳಿಸಿಹಾಕಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಈ ಗ್ರಂಥದ ಪ್ರತಿಗಳನ್ನು ಹುಡುಕಿಸಿದರು. ಮದರಾಸಿನ ಸರ್ಕಾರಿ ಸಂಗ್ರಹದ ಪ್ರತಿಗಳ ಜೊತೆಗೆ ಮೈಸೂರಿನ ಓರಿಯೆಂಟಲ್ ಗ್ರಂಥಾಲಯದಿಂದಲೂ ಮೂಡುಬಿದಿರೆಯ ಜೈನ ಮಠದಿಂದಲೂ ಪ್ರತಿಗಳು ಬಂದವು. ಅವುಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅವರು ಪ್ರಕಟಿಸಿದರು. ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪೀಠಿಕೆ ಬರೆದರು. ಮಾಲೆಗಳ ಪುಸ್ತಕ ಮುದ್ರಣ ಕಂಡ ಆರು ವರ್ಷಗಳ ನಂತರ ಹತ್ತೊಂಬತ್ತರ ಮಾಲೆಯ ಗುಟ್ಟು ಖಚಿತವಾಯಿತು. ಎರಡಕ್ಕೂ ಸಂಬಂಧವಿಲ್ಲ, ಆದರೂ ಆ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ನನಗೆ ಇಷ್ಟ.

ಕನ್ನಡ ಅರಸನ ಕಾಲದಲ್ಲಿ ಹುಟ್ಟಿ, ಕನ್ನಡ ಲಿಪಿಯ ಗರಿಗಳಲ್ಲಿ ಉಳಿದ ಈ ಗ್ರಂಥ ಕನ್ನಡ ಅನುವಾದದೊಂದಿಗೆ ಸಮಗ್ರವಾಗಿ ನನ್ನ ಕೈಗೆ ಬಂದದ್ದು ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆಯಿಂದ 2000ದಲ್ಲಿ ಪ್ರಕಟವಾದ, ಡಾ. ಪದ್ಮಾವತಮ್ಮ ಅವರ ಆವೃತ್ತಿಯ ಮೂಲಕ. ಇಂಗ್ಲಿಷಿಗೆ ಬಂದು ಎಂಬತ್ತೆಂಟು ವರ್ಷಗಳಾದ ಮೇಲೆ! ‘ಕವಿರಾಜಮಾರ್ಗ’ಕ್ಕೆ ನಾವು ಕೊಟ್ಟ ಗಮನದ ಹತ್ತರಲ್ಲಿ ಒಂದು ಪಾಲನ್ನೂ ಅದರ ಒಡಹುಟ್ಟಿನಂತಿರುವ ಈ ಕೃತಿಗೆ ಕೊಡಲಿಲ್ಲ. ಸಾಹಿತ್ಯದವರು ಇದು ಗಣಿತವೆಂದು ಬಿಟ್ಟರು, ಗಣಿತದವರು ಇದು ಸಂಸ್ಕೃತವೆಂದು ಬಿಟ್ಟರು.

ಇದರಿಂದ ಆದ ನಷ್ಟ ಕೇವಲ ಹೆಮ್ಮೆಯದ್ದಲ್ಲ. ಅವಿಭಾಜ್ಯ ಸಂಖ್ಯೆಗಳು ಇಂದು ಪಂಡಿತರ ವಿನೋದವಾಗಿ ಉಳಿದಿಲ್ಲ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಮರಳಿ ಪಡೆಯುವುದು ಅತಿ ಕಷ್ಟ ಎಂಬ ಒಂದೇ ಸಂಗತಿಯ ಮೇಲೆ 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಗುಪ್ತಲಿಪಿಯ ವಿಧಾನವೊಂದನ್ನು ಕಟ್ಟಿದರು. ಅಂತರ್ಜಾಲದ ವ್ಯವಹಾರಗಳ ರಕ್ಷಣೆಗೆ ಅದು ಬಹುಕಾಲದಿಂದ ದುಡಿದಿದೆ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ, ನಾಲ್ಕು ಕೋಟಿ ಹತ್ತು ಲಕ್ಷ ಅಂಕಿಗಳಿಗೂ ಮೀರಿದ ಅವಿಭಾಜ್ಯ ಸಂಖ್ಯೆಯ ಸುದ್ದಿಯನ್ನು ಕೆಲವರಾದರೂ ಓದಿರಬಹುದು. ಎರಡನ್ನು ಎರಡರಿಂದಲೇ ಗುಣಿಸುತ್ತ 136279841ನೆಯ ಘಾತಕ್ಕೆ ಏರಿಸಿ ಒಂದು ಕಳೆದರೆ ಸಿಗುವ ಸಂಖ್ಯೆ ಅದು. ಗಣಕಯಂತ್ರದ ಸೊನ್ನೆ ಒಂದುಗಳ ಭಾಷೆಯಲ್ಲಿ ಬರೆದರೆ ಅದರ ರೂಪವೇನು ಗೊತ್ತೇ? ನಡುವೆ ಒಂದೂ ಸೊನ್ನೆಯಿಲ್ಲದೆ ಸಾಲಾಗಿ ನಿಂತ 136279841 ಒಂದುಗಳು. ಮಹಾವೀರನ ಮಾಲೆಯೇ ಬೇರೆ ದಾರದಲ್ಲಿ.

ನಮ್ಮ ಮಕ್ಕಳಿಗೆ ಗಣಿತ ತಲುಪುವ ಬಗೆ ಬೇರೆ. ನನ್ನ ಕಾಲದಲ್ಲಿ ಮಗ್ಗಿ ತಪ್ಪಿದರೆ ಬೆತ್ತ. ಈಗ ಬೆತ್ತವಿಲ್ಲ, ಅಂಕಗಳ ಭಯವಿದೆ. ಎರಡರ ಪರಿಣಾಮ ಒಂದೇ: ಹತ್ತನೆಯ ತರಗತಿ ದಾಟಿದೊಡನೆ ಗಣಿತದಿಂದ ಪಾರಾದೆವೆಂಬ ನಿಟ್ಟುಸಿರು. ಮಹಾವೀರ ಗುಣಾಕಾರ ಕಲಿಸಲು ಹಾರ ಕಟ್ಟಿದ. ಲೆಕ್ಕ ಸರಿಯಾದರೆ ಉತ್ತರದ ಚೆಲುವೇ ಅದನ್ನು ಸಾರಿಹೇಳುತ್ತದೆ, ಮೇಷ್ಟರ ಅಂಕಿತ ಬೇಕಾಗಿಲ್ಲ. ತಪ್ಪಿದರೆ ಮಾಲೆ ಅಂದಗೆಡುತ್ತದೆ. ಮಗು ತಾನೇ ತಿದ್ದಿಕೊಳ್ಳುತ್ತದೆ. ಇದಕ್ಕಿಂತ ಒಳ್ಳೆಯ ಪಾಠಕ್ರಮವನ್ನು ಯಾವ ಶಿಕ್ಷಣ ಆಯೋಗದ ವರದಿಯಲ್ಲೂ ನಾನು ಓದಿಲ್ಲ. ನಮ್ಮ ಪಕ್ಕದ ಯಲಹಂಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅನ್ವಯಿಕ ಗಣಿತ ಕೇಂದ್ರವಿದೆ. ಅಲ್ಲಿಗೂ ನಮ್ಮ ಬಡಾವಣೆಯ ಶಾಲೆಗಳಿಗೂ ಇರುವ ದೂರ ಕೆಲವೇ ಕಿಲೋಮೀಟರು. ಆ ದೂರವನ್ನು ದಾಟಲು ಬೇಕಾದದ್ದು ಭಯವಿಲ್ಲದ ಮೊದಲ ಹೆಜ್ಜೆ. ಆರನೆಯ ತರಗತಿಯ ಪಠ್ಯದಲ್ಲಿ ಒಂದು ಪುಟ, ಮಹಾವೀರನ ನಾಲ್ಕೇ ನಾಲ್ಕು ಮಾಲೆಗಳು, ಅವು ಮಳಖೇಡದ ಅರಸನ ಕಾಲದವು ಎಂಬ ಒಂದು ವಾಕ್ಯ. ಇದಕ್ಕೆ ಆಯವ್ಯಯದಲ್ಲಿ ಪ್ರತ್ಯೇಕ ಅನುದಾನ ಬೇಕಾಗುವುದಿಲ್ಲವೆಂದು ಅನುಭವದಿಂದ ಹೇಳಬಲ್ಲೆ.

ಎಂಟು ಒಂದುಗಳನ್ನು ಕಂಡ ಮೊಮ್ಮಗ ಅಲ್ಲಿಗೆ ಬಿಡಲಿಲ್ಲ. ಒಂಬತ್ತಕ್ಕೆ ಯಾವ ಲೆಕ್ಕ, ಹತ್ತಕ್ಕೆ ಯಾವುದು ಎಂದು ಕೇಳುತ್ತ ಹೋದ. ಕಾಗದದ ಮೇಲೆ ಒಂದೊಂದನ್ನೇ ಬಿಡಿಸಿದೆವು. ಹತ್ತೊಂಬತ್ತಕ್ಕೆ ಬಂದಾಗ, ಇದನ್ನು ಯಾವುದರಿಂದಲೂ ಒಡೆಯಲಾಗದು ಎಂದೆ. ಅವನು ನಂಬಲಿಲ್ಲ. ‘ತಾತ, ನೀವು ಎಲ್ಲದರಿಂದಲೂ ಭಾಗಿಸಿ ನೋಡಿದ್ದೀರಾ?’ ಎಂದು ಕೇಳಿದ. ಇಲ್ಲ, ನಾನು ನೋಡಿಲ್ಲ, ಬೇರೆಯವರ ಮಾತನ್ನು ನಂಬಿದ್ದೇನೆ ಎಂದು ಒಪ್ಪಿಕೊಂಡೆ. ಅವನು ಪೆನ್ಸಿಲು ಹಿಡಿದು ಮೊದಲು ಮೂರರಿಂದ ಭಾಗಿಸತೊಡಗಿದ. ನಾನು ತಡೆಯಲಿಲ್ಲ.